ನನ್ನ ಕಥೆ, ಅಪ್ಪನ ಅಕ್ಷರ

ಸಭೆ ಸಮಾರಂಭಗಳಲ್ಲಿ ಯಾರಾದರೂ ಎದ್ದು ನಿಂತು, "ಮೇಡಂ, ನಿಮಗೆ ಕಥೆ ಹೇಗೆ ಹುಟ್ಟುತ್ತೆ?" ಎಂದು ಕೇಳಿದಾಗ ನನಗೆ ಮೊದಲು ನೆನಪಾಗುವುದು ಸೊಂಟನೋವು. ತೊಂಬತ್ತರ ದಶಕದ ಆರಂಭದಿಂದ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಾನು ತುಮಕೂರಿನ ಮರಳೂರಿನಿಂದ ಕುಣಿಗಲ್ ತಾಲ್ಲೂಕಿನ ಒಂದು ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಪಾಠ ಮಾಡಿದೆ. ಬೆಳಗಿನ ಆ ಬಸ್ಸಿನಲ್ಲಿ ಸೀಟು ಸಿಕ್ಕ ದಿನಗಳು ಬೆರಳೆಣಿಕೆಯಷ್ಟು. ಉಳಿದಂತೆ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಊಟದ ಬ್ಯಾಗು, ಕಾಲ ಮೇಲೆ ಯಾರದೋ ಹಾಲಿನ ಕ್ಯಾನು. ಹೆಬ್ಬೂರಿನಲ್ಲಿ ಅರ್ಧ ಜನ ಇಳಿದ ಮೇಲೆ ಸೀಟಿನ ಅಂಚಿಗೆ ಒರಗಿ, ತಲೆಯಲ್ಲೇ ಎರಡು ವಾಕ್ಯ ಜೋಡಿಸಿಕೊಂಡು, ಸ್ಕೂಲಿನ ಗೇಟು ಬರುವ ತನಕ ಮರೆಯದ ಹಾಗೆ ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತವರು ನನ್ನನ್ನು ಬಹಳ ದೈವಭಕ್ತೆ ಅಂದುಕೊಂಡಿದ್ದರು.

ಸ್ಫೂರ್ತಿ ಅನ್ನುವ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ನನ್ನ ಗಂಡ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಿದ್ದರು. ಅವರು ಮೊಪೆಡ್ ಹತ್ತಿ ಹೋಗುವ ಹೊತ್ತಿಗೆ ಡಬ್ಬಿ ತಯಾರಾಗಿರಬೇಕು. ಇಬ್ಬರು ಮಕ್ಕಳ ಜಡೆ, ಶೂಸು, ಹೋಂವರ್ಕು ಬೇರೆ. ರಾತ್ರಿಯೆಲ್ಲ ಎದ್ದು ಬರೆಯುವ ಸಾಹಿತಿಗಳ ಬಗ್ಗೆ ಓದಿ ಹೊಟ್ಟೆ ಉರಿದುಕೊಂಡಿದ್ದೇನೆ. ನನಗೆ ಒಂಬತ್ತೂವರೆಗೆ ಕಣ್ಣು ಎಳೆಯುತ್ತಿತ್ತು. ಹಾಗಾಗಿ ನಾನು ಬರೆದದ್ದೆಲ್ಲ ಸ್ಟಾಫ್ ರೂಮಿನ ಖಾಲಿ ಪೀರಿಯಡ್ಡುಗಳಲ್ಲಿ, ಕಿರುಪರೀಕ್ಷೆಯ ಹಳೇ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ. ಒಂದು ಮಗ್ಗುಲಲ್ಲಿ ಯಾವುದೋ ಹುಡುಗಿ ತಪ್ಪು ತಪ್ಪಾಗಿ ಬರೆದ ಸಂಧಿ ಸಮಾಸ, ಇನ್ನೊಂದು ಮಗ್ಗುಲಲ್ಲಿ ನನ್ನ ನಾಯಕಿಯ ಗೋಳು. ಒಂದು ದಿನ ನಮ್ಮ ಹೆಡ್‌ಮಾಸ್ಟರು ಹಿಂದೆ ಬಂದು ನಿಂತು, "ಏನ್ ಮೇಡಮ್ಮೋರೆ, ಲೆಸನ್ ಪ್ಲಾನ್ ಬರೀತಿದೀರೋ ಕಥೆ ಬರೀತಿದೀರೋ?" ಅಂದರು.

"ಎರಡೂ ಒಂದೇ ಸಾರ್. ಎರಡನ್ನೂ ಯಾರೂ ಓದಲ್ಲ" ಅಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ನನ್ನ ಅಕ್ಷರ ಮಾತ್ರ ಕನ್ನಡ ಮೇಡಂ ಅಂತ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಬೋರ್ಡಿನ ಮೇಲೆ ದುಂಡಗೆ ಬರೆಯುತ್ತಿದ್ದೆ, ಕಾಗದದ ಮೇಲೆ ಮಾತ್ರ ಇರುವೆ ಹರಿದಾಡಿದ ಹಾಗಿರುತ್ತಿತ್ತು. ಮೊದಲು ಕಳಿಸಿದ ಎರಡು ಕಥೆಗಳೂ ವಾಪಸು ಬಂದವು. ಎರಡನೆಯದರ ಜೊತೆ ವಾರಪತ್ರಿಕೆಯವರ ಒಂದು ಚೀಟಿ ಇತ್ತು: ಹಾಳೆಯ ಒಂದೇ ಮಗ್ಗುಲಲ್ಲಿ, ಓದಲು ಬರುವಂತೆ ಬರೆದು ಕಳಿಸಿ. ಆ ಚೀಟಿ ಹಿಡಿದು ಗುಬ್ಬಿಯ ತವರಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಗ ಅಪ್ಪ ಕೈ ನೀಡಿದ. "ಕೊಡು ಇಲ್ಲಿ. ನಾನು ಬರ್ಕೊಡ್ತೀನಿ."

ಅಪ್ಪ ಪತ್ರ ಬರೆಯುವವನು. ಗುಬ್ಬಿಯ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿನ ಅಂಗಡಿ ಜಗಲಿಯ ಮೇಲೆ ಇಳಿಜಾರಿನ ಡೆಸ್ಕು ಇಟ್ಟುಕೊಂಡು ಮೂವತ್ತು ವರ್ಷದ ಮೇಲೆ ಕ್ರಯಪತ್ರ, ವಿಭಾಗಪತ್ರ, ಭೋಗ್ಯದ ಪತ್ರ ಬರೆದಿದ್ದ. ತಾಲ್ಲೂಕಿನ ಅರ್ಧ ಜಮೀನು ಅಪ್ಪನ ಅಕ್ಷರದಲ್ಲಿ ಕೈ ಬದಲಾಗಿದೆ ಅಂತ ಜನ ಹೇಳುತ್ತಿದ್ದರು. ಕಪ್ಪು ಶಾಯಿ, ದಪ್ಪ ನಿಬ್ಬಿನ ಪೆನ್ನು, ಒಂದೊಂದು ಒತ್ತಕ್ಷರವೂ ಬಿಡಿಬಿಡಿ. ನಾನು ಶನಿವಾರ ಬೆಳಗಿನ ಸ್ಕೂಲು ಮುಗಿಸಿ, ಕುಣಿಗಲ್ ಕಡೆಯಿಂದ ತುಮಕೂರು, ಅಲ್ಲಿಂದ ಗುಬ್ಬಿಯ ಬಸ್ಸು ಹಿಡಿದು, ಕಥೆಯ ಕಟ್ಟನ್ನು ಅಪ್ಪನ ಕೈಗೆ ಕೊಟ್ಟು ಬರುವುದು, ಮುಂದಿನ ಶನಿವಾರ ಪತ್ರಿಕೆಗೆ ಕಳಿಸುವ ಪ್ರತಿ ತರುವುದು. ಹೀಗೆ ಶುರುವಾಯಿತು.

ಮೊದಲ ಕಥೆಯ ಪ್ರತಿ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. 'ಅವಳು ಹೊಲದ ಬದುವಿನ ಮೇಲೆ ಕೂತು ಅತ್ತಳು' ಅಂತ ನಾನು ಬರೆದಿದ್ದೆ. ಅಪ್ಪನ ಪ್ರತಿಯಲ್ಲಿ ಅವಳು, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ದಾಯಾದಿಗಳ ಜಮೀನು, ದಕ್ಷಿಣಕ್ಕೆ ಸರ್ಕಾರಿ ಗೋಮಾಳ, ಈ ಮಧ್ಯೆ ಇರುವ ಹೊಲದ ಬದುವಿನ ಮೇಲೆ ಕೂತು ಅಳುತ್ತಿದ್ದಳು.

"ಏನಪ್ಪಾ ಇದು? ಕಥೆಗೆ ಯಾಕೆ ನಾಲ್ಕು ದಿಕ್ಕಿನ ಚೆಕ್ಕುಬಂದಿ?" ಅಂದೆ.

"ಯಾವ ಹೊಲ ಅಂತ ನೀನು ಬರ್ದೇ ಇಲ್ವಲ್ಲ. ನಾಳೆ ಯಾವನೋ ಬಂದು ನನ್ನ ಹೊಲದಲ್ಲಿ ಅತ್ತಿದ್ದು ಅಂತಾನೆ, ಆಗೇನ್ಮಾಡ್ತೀಯ?"

ಅಷ್ಟೇ ಅಲ್ಲ. ಕಥೆಯ ಒಂದು ಭಾಗಕ್ಕೂ ಇನ್ನೊಂದಕ್ಕೂ ಮಧ್ಯೆ ನಾನು ಬಿಟ್ಟ ಖಾಲಿ ಜಾಗಗಳಲ್ಲೆಲ್ಲ ಅಪ್ಪ ಅಡ್ಡಗೆರೆ ಎಳೆದು ಮುಚ್ಚಿದ್ದ. ಪತ್ರದಲ್ಲಿ ಜಾಗ ಬಿಟ್ಟರೆ ಆಮೇಲೆ ಯಾರಾದರೂ ಏನಾದರೂ ಸೇರಿಸಿಬಿಡುತ್ತಾರೆ ಅನ್ನುವ ಭಯ ಅವನಿಗೆ. "ನನ್ನ ಕಥೆಗೆ ಯಾರಪ್ಪಾ ಸೇರಿಸ್ತಾರೆ? ಓದೋರೇ ಇಲ್ಲ" ಅಂದರೂ ಕೇಳಲಿಲ್ಲ. ಕೊನೆಗೆ ಚೆಕ್ಕುಬಂದಿಯಿದ್ದ ಆ ಒಂದು ಹಾಳೆಯನ್ನು ಮಾತ್ರ ಮತ್ತೆ ಬರೆಸಿ, ಗೆರೆಗಳನ್ನು ಹಾಗೆಯೇ ಬಿಟ್ಟು ಕಳಿಸಿದೆ. ಕಥೆ ಅಚ್ಚಾಯಿತು.

ಆಮೇಲೆ ಗಮನಿಸಿದೆ. ಅಪ್ಪನ ಕಾಟಕ್ಕೆ ಹೆದರಿ ನಾನು ಬರೆಯುವ ರೀತಿಯೇ ಬದಲಾಯಿತು. ಯಾರನ್ನಾದರೂ ಎಲ್ಲಾದರೂ ಕೂರಿಸುವ ಮೊದಲು ಅವರ ನಾಲ್ಕು ದಿಕ್ಕಿಗೆ ಏನಿದೆ ಅಂತ ಯೋಚಿಸುತ್ತಿದ್ದೆ. ಬರೆಯುತ್ತಿರಲಿಲ್ಲ, ಆದರೆ ಗೊತ್ತಿಟ್ಟುಕೊಳ್ಳುತ್ತಿದ್ದೆ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಬಿಡುವ ಕಥೆಯೊಂದಕ್ಕೆ ಅಪ್ಪ, "ಇದಕ್ಕೆ ಸಾಕ್ಷಿ ಯಾರು? ಅವರಿಬ್ರೇ ಇದ್ರೆ ನಿಂಗೆ ಹೆಂಗೆ ಗೊತ್ತಾಯ್ತು?" ಅಂತ ಕೇಳಿದ. ಪೆಚ್ಚಾದೆ. ವಾಪಸು ತಂದು, ಪಕ್ಕದ ಮನೆಯ ಮುದುಕಿಯ ಬಾಯಲ್ಲಿ ಆ ಕಥೆ ಹೇಳಿಸಿದೆ. ನನಗೆ ಬರೆಯುವುದನ್ನು ಕಲಿಸಿದವರು ಯಾರು ಅಂತ ಕೇಳಿದವರಿಗೆ ದೊಡ್ಡ ದೊಡ್ಡವರ ಹೆಸರು ಹೇಳಿದ್ದೇನೆ. ಸುಳ್ಳು ಹೇಳಿದ್ದೇನೆ.

ಕಥೆಗಳ ಸಾಮಾನು ಕೂಡ ಆ ಜಗಲಿಯಿಂದಲೇ ಬಂದದ್ದು. ಚಿಕ್ಕವಳಿದ್ದಾಗ ಸ್ಕೂಲು ಬಿಟ್ಟ ಮೇಲೆ ಅಪ್ಪನ ಪಕ್ಕದ ಬೆಂಚಿನ ಮೇಲೆ ಕೂತು ಅಲ್ಲಿ ಬರುವವರ ಮಾತು ಕೇಳುತ್ತಿದ್ದೆ. ಜಮೀನು ಮಾರುವವರು ಡಾಕ್ಟರ ಹತ್ತಿರ ಹೇಳಿಕೊಂಡ ಹಾಗೆ ಅಪ್ಪನ ಹತ್ತಿರ ಎಲ್ಲ ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ಅಪ್ಪ ಪತ್ರಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಿದ್ದ. ಬಿಟ್ಟದ್ದನ್ನೆಲ್ಲ ನಾನು ಆರಿಸಿಕೊಂಡೆ. ಅಪ್ಪನಿಗೆ ಗೊತ್ತಾಗುತ್ತಿತ್ತು. ಒಮ್ಮೆ ಬರೆಯುತ್ತ ಬರೆಯುತ್ತ ಪೆನ್ನು ನಿಲ್ಲಿಸಿ, "ಈ ಪಾರ್ಟಿ ಇನ್ನೂ ಬದುಕವ್ರೆ ಕಣಮ್ಮ, ಊರು ಬದಲಾಯಿಸು" ಅಂದ. ಪತ್ರಕ್ಕೆ ಸೈನು ಹಾಕುವವರೆಲ್ಲ ಅಪ್ಪನ ಬಾಯಲ್ಲಿ ಪಾರ್ಟಿಗಳು. ಕಥೆ ಹೇಗಿದೆ ಅಂತ ಕೇಳಿದರೆ ಮಾತ್ರ ಯಾವಾಗಲೂ ಒಂದೇ ಉತ್ತರ: "ನಾನು ಓದಲ್ಲ. ಬರೀತೀನಿ ಅಷ್ಟೇ." ನನಗೆ ಬೇಜಾರಾಗುತ್ತಿತ್ತು. ಅಪ್ಪನ ಒಂದು ಶಹಬ್ಬಾಸ್‌ಗಾಗಿ ಎಷ್ಟು ವರ್ಷ ಕಾದೆ ಅನ್ನುವುದನ್ನು ಈಗ ಒಪ್ಪಿಕೊಂಡರೆ ತಪ್ಪೇನಿಲ್ಲ.

ಹೊಸ ಶತಮಾನ ಬಂದು ನಾಲ್ಕಾರು ವರ್ಷದಲ್ಲಿ ರಿಜಿಸ್ಟ್ರಾರ್ ಆಫೀಸಿಗೆ ಕಂಪ್ಯೂಟರು ಬಂತು. ಪತ್ರಗಳೆಲ್ಲ ಡಿಟಿಪಿ ಅಂಗಡಿಗೆ ಹೋದವು. ಅಪ್ಪನ ಹತ್ತಿರ ಬರುತ್ತಿದ್ದ ಹಳಬರೂ, "ಬೇಜಾರ್ ಮಾಡ್ಕಬೇಡಿ, ಈಗ ಟೈಪ್ ಆದ್ರೇನೇ ನಡೆಯೋದಂತೆ" ಅಂತ ಕೈಮುಗಿದು ಆ ಕಡೆ ಹೊರಟರು. ಒಂದು ದಿನ ಅಪ್ಪ ಡೆಸ್ಕನ್ನು ಮನೆಗೆ ಹೊರಿಸಿಕೊಂಡು ಬಂದು ಕಿಟಕಿಯ ಹತ್ತಿರ ಇಟ್ಟ. ಆಮೇಲೆ ಅವನಿಗೆ ಬರೆಯಲು ಉಳಿದದ್ದು ನನ್ನ ಕಥೆಗಳು ಮಾತ್ರ. ವಾರದ ಮಧ್ಯೆ ಫೋನು ಬರತೊಡಗಿತು.

"ಏನಮ್ಮ, ಈ ವಾರ ಏನೂ ಇಲ್ವಾ?"

"ಪೇಪರ್ ವ್ಯಾಲ್ಯುಯೇಶನ್ ಇದೆ ಅಪ್ಪ."

"ಸರಿ ಸರಿ. ಸುಮ್ನೆ ಕೇಳ್ದೆ."

ಆ 'ಸುಮ್ನೆ ಕೇಳ್ದೆ' ನನ್ನನ್ನು ಹಿಂಡುತ್ತಿತ್ತು. ಆ ಹೊತ್ತಿಗೆ ನಾನು ಬರೆದು ಬರೆದು ಸುಸ್ತಾಗಿದ್ದೆ. ತಲೆಯಲ್ಲಿ ಕಥೆ ಇರಲಿಲ್ಲ, ಮೈಯಲ್ಲಿ ಶಕ್ತಿ ಇರಲಿಲ್ಲ. ಮಕ್ಕಳು ದೊಡ್ಡ ಕ್ಲಾಸಿಗೆ ಬಂದಿದ್ದರು, ಗಂಡನಿಗೆ ಬಿ.ಪಿ. ಬಂದಿತ್ತು, ಬಸ್ಸು ಅದೇ ಬಸ್ಸು. ಆದರೂ ಅಪ್ಪನ ಕೈ ಖಾಲಿ ಕೂರಬಾರದು ಅಂತ ಏನೇನೋ ಬರೆದೆ. ಸತ್ತ ಹಸುವಿನ ಕಥೆ, ಬಾರದ ಕಾಗದದ ಕಥೆ, ಅದನ್ನೇ ತಿರುಗಿಸಿ ಬಂದ ಕಾಗದದ ಕಥೆ. ಅಪ್ಪ ಅವನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟ. ಪತ್ರಿಕೆಯವರು ಒಂದಾದ ಮೇಲೊಂದು ವಾಪಸು ಕಳಿಸಿದರು. ಅಪ್ಪನಿಗೆ ಹೇಳಲಿಲ್ಲ. "ಬರೆಯೋದು ಬಿಟ್ಟು ಸ್ವಲ್ಪ ದಿನ ರೆಸ್ಟ್ ತಗೋ" ಅಂತ ಗಂಡ ಹೇಳಿದರು. ಅವರು ಹೇಳಿದ್ದು ಸರಿಯೇ ಇತ್ತು. ಅಪ್ಪ ಇರುವ ತನಕ ನನಗೆ ರೆಸ್ಟ್ ಇರಲಿಲ್ಲ.

ಹಾಗಿರುವಾಗ ಅತ್ತೆಯ ಕಥೆ ಸಿಕ್ಕಿತು. ಅತ್ತೆ ಅಂದರೆ ಅಪ್ಪನ ಒಬ್ಬಳೇ ತಂಗಿ. ಸಿ.ಎಸ್. ಪುರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಒಬ್ಬಳು ಮಗಳನ್ನು ಮದುವೆ ಮಾಡಿ ಕಳಿಸಿ, ಎರಡು ಹಸು ಕಟ್ಟಿಕೊಂಡು ಒಬ್ಬಳೇ ಇದ್ದಳು. ಸಂಕ್ರಾಂತಿಯ ರಜೆಯಲ್ಲಿ ನೋಡಿ ಬರಲು ಹೋಗಿದ್ದೆ. ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಅಪ್ಪನ ಕೆಲಸ ಹೋದ ಸುದ್ದಿ ಹೇಳಿ, ಪಾಪ, ಎಷ್ಟು ನಿಯತ್ತಿನಿಂದ ಮಾಡಿದ್ದ ಅಂದೆ. ಅಪ್ಪನ ನಿಯತ್ತು ಗುಬ್ಬಿಗೆಲ್ಲ ಗೊತ್ತಿತ್ತು. ಎಷ್ಟೇ ಅವಸರವಿರಲಿ, ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿ ಹೇಳದೆ ಯಾರಿಂದಲೂ ಸೈನು ಹಾಕಿಸುತ್ತಿರಲಿಲ್ಲ. ಓದು ಬರುವವರಿಗೂ ಓದಿ ಹೇಳುತ್ತಿದ್ದ.

ಅತ್ತೆ ತಲೆ ಎತ್ತದೆ ಕಾಯಿ ಬಿಡಿಸುತ್ತಲೇ ಹೇಳಿದಳು. "ಊರಿಗೆಲ್ಲ ಓದಿ ಹೇಳ್ದ ಕಣವ್ವ ಅಣ್ಣಯ್ಯ. ನಂಗೆ ಓದಿ ಹೇಳ್ಲಿಲ್ಲ."

ಅಜ್ಜ ತೀರಿಕೊಂಡ ಮೇಲೆ ಗುಬ್ಬಿಯ ಪಕ್ಕದ ಜಮೀನಿನಲ್ಲಿ ತನಗೆ ಬರಬೇಕಾದ್ದನ್ನು ಬಿಟ್ಟುಕೊಟ್ಟೆ ಅಂತ ಅತ್ತೆ ಸೈನು ಹಾಕಿದ ಪತ್ರದ ಮಾತು ಅದು. ಹಕ್ಕು ಬಿಡುಗಡೆ ಪತ್ರ ಅನ್ನುತ್ತಾರೆ. ನಮ್ಮ ಕಡೆ ಮನೆ ಮನೆಯಲ್ಲೂ ಅಕ್ಕತಂಗಿಯರು ಹಾಕಿಕೊಟ್ಟಿದ್ದಾರೆ. ಅದನ್ನು ಬರೆದವನು ಅಪ್ಪನೇ. ಅವತ್ತು ಅತ್ತೆಯನ್ನು ಕರೆಸಿ, ಊಟ ಹಾಕಿ, ಒಂದು ಸೀರೆ ಕೊಟ್ಟು, ಆಫೀಸಿಗೆ ಕರೆದುಕೊಂಡು ಹೋಗಿ, "ಇಲ್ಲಿ ಹಾಕು" ಅಂತ ಬೆರಳು ತೋರಿಸಿದ್ದ.

"ಅದ್ರಲ್ಲಿ ಏನಿದೆ ಅಂತ ನಿಂಗೆ ಗೊತ್ತಿರ್ಲಿಲ್ವಾ?" ಅಂತ ಕೇಳಿದೆ.

"ಗೊತ್ತಿಲ್ದೆ ಏನು? ಓದಿ ಹೇಳಿದ್ರೂ ಹಾಕ್ತಿದ್ದೆ ಬುಡು. ಅಣ್ಣ ಅಲ್ವಾ? ಆದ್ರೆ ಓದ್ಲಿಲ್ವಲ್ಲ. ನಾನು ಪಾರ್ಟಿ ಅಂತ್ಲೇ ಅವ್ನಿಗೆ ಅನ್ನಿಸ್ಲಿಲ್ವಲ್ಲ."

ಅವಳಿಗೆ ಜಮೀನಿನ ಬಗ್ಗೆ ಸಿಟ್ಟಿರಲಿಲ್ಲ. ಆ ಜಮೀನು ಆಮೇಲೆ ಎಲ್ಲಿಗೆ ಹೋಯಿತು ಅಂತ ನನಗೆ ಗೊತ್ತು. ಅದು ನನ್ನ ಬಿ.ಎಡ್. ಆಯಿತು, ನನ್ನ ಮದುವೆ ಆಯಿತು. ಅತ್ತೆಗೂ ಗೊತ್ತಿತ್ತು. ಅವಳು ಆ ಮಾತು ಎತ್ತಲಿಲ್ಲ. ಬಿಡಿಸಿದ ಕಾಳನ್ನು ನನ್ನ ಬ್ಯಾಗಿಗೆ ಕಟ್ಟಿಕೊಟ್ಟಳು.

ವಾಪಸು ಬರುವ ಬಸ್ಸಿನಲ್ಲೇ ಕಥೆ ಶುರುವಾಯಿತು. ನಾಲ್ಕು ದಿನದಲ್ಲಿ ಮುಗಿಸಿದೆ. ಎಷ್ಟೋ ವರ್ಷದ ಮೇಲೆ ಕೈ ತಾನಾಗಿ ಓಡಿತು. ಸ್ಟಾಫ್ ರೂಮಿನಲ್ಲಿ ಯಾರು ಬಂದರು, ಯಾರು ಹೋದರು ತಿಳಿಯಲಿಲ್ಲ. ಒಂದು ಪೀರಿಯಡ್ಡಿಗೆ ಹೋಗುವುದನ್ನೇ ಮರೆತೆ. ಊರಿನ ಹೆಸರು ಬದಲಾಯಿಸಿದೆ, ಮಿಕ್ಕದ್ದೆಲ್ಲ ಇದ್ದ ಹಾಗೇ ಬರೆದೆ. ಪತ್ರ ಬರೆಯುವ ಅಣ್ಣ, ಮಡಿಲಲ್ಲಿ ಸೀರೆ ಇಟ್ಟುಕೊಂಡು ಕೂತ ತಂಗಿ, ಓದದೇ ಹೋದ ಆ ಎರಡು ಹಾಳೆ. ಕೊನೆಯ ವಾಕ್ಯ ಬರೆದು ಪೆನ್ನು ಇಟ್ಟಾಗ ನನಗಾದದ್ದು ಸಂಕಟವಲ್ಲ, ಖುಷಿ. ಒಳ್ಳೇ ಕಥೆ ಬರೆದೆ ಅನ್ನುವ ಖುಷಿ. ಅದನ್ನು ನೆನೆದರೆ ಈಗ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಇನ್ನು ಪ್ರತಿ ಮಾಡಿಸುವುದು ಎಲ್ಲಿ? ತುಮಕೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಬೇಕಾದಷ್ಟು ಡಿಟಿಪಿ ಅಂಗಡಿಗಳಿದ್ದವು. ಅಲ್ಲಿ ಕೊಟ್ಟಿದ್ದರೆ ಒಂದು ದಿನದ ಕೆಲಸ. ಆದರೆ ಅಪ್ಪನ ಕೆಲಸ ಕಿತ್ತುಕೊಂಡ ಅಂಥ ಅಂಗಡಿಗಳಿಗೇ ಅಪ್ಪನ ಮೇಲಿನ ಕಥೆಯನ್ನು ಕೊಡುವುದೇ? ಅಚ್ಚಾದ ಮೇಲೆ ಅವನು ಓದೇ ಓದುತ್ತಾನೆ, ಓದುವುದಿಲ್ಲ ಅಂತ ಎಷ್ಟೇ ಹೇಳಲಿ. ಅವನ ಕೈಗೆ ಕೊಟ್ಟರೆ ಬರೆಯುತ್ತಾನಾ? ಬರೆಯದಿದ್ದರೆ ಶನಿವಾರಗಳು ಮುಗಿದವು. ಇನ್ನು ನನ್ನ ಮುಖ ನೋಡದೆ ಹೋದರೂ ಹೋದನೇ. ಎರಡು ವಾರ ಬ್ಯಾಗಿನಲ್ಲೇ ಹೊತ್ತು ತಿರುಗಿದೆ. ಎದುರು ನಿಂತು ಕೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಬರೆದು ಕೈಗಿಡುವ ಧೈರ್ಯ ಮಾತ್ರ ಇತ್ತು. ಮೂರನೇ ಶನಿವಾರ ಕಟ್ಟನ್ನು ಡೆಸ್ಕಿನ ಮೇಲಿಟ್ಟು, "ಇದು ಸ್ವಲ್ಪ ದೊಡ್ಡದಿದೆ ಅಪ್ಪ" ಅಂದು, ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದೆ.

ಆ ವಾರ ಫೋನು ಬರಲಿಲ್ಲ. ಮುಂದಿನ ಶನಿವಾರ ಹೋದಾಗ ಅಪ್ಪ ಕಿಟಕಿಯ ಕಡೆ ನೋಡುತ್ತ, "ಇನ್ನೂ ಆಗಿಲ್ಲ. ಕೈ ನೋಯ್ತದೆ" ಅಂದ. ಡೆಸ್ಕಿನ ಮೇಲೆ ಕಟ್ಟು ಇರಲಿಲ್ಲ. ಅದರಾಚೆಯ ಶನಿವಾರ ಹೋದರೆ ಅಪ್ಪನೇ ಇರಲಿಲ್ಲ.

"ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಸಿ.ಎಸ್. ಪುರಕ್ಕೆ ಹೋದ್ರು" ಅಂದಳು ಅಮ್ಮ. "ನಿನ್ನ ಕಾಗದದ ಕಟ್ಟು ಚೀಲಕ್ಕೆ ಹಾಕ್ಕೊಂಡ್ರು. ಯಾಕೆ ಅಂದ್ರೆ ಬಾಯೇ ಬಿಡ್ಲಿಲ್ಲ. ಏನ್ ಬರ್ದಿದೀಯೇ ಅದ್ರಲ್ಲಿ? ಎರಡು ವಾರದಿಂದ ನೆಟ್ಟಗೆ ಊಟ ಮಾಡಿಲ್ಲ ನಿಮ್ಮಪ್ಪ."

ಅಣ್ಣ ತಂಗಿ ಇಬ್ಬರ ಮಧ್ಯೆ ಇಷ್ಟು ವರ್ಷ ಹೇಗೋ ನಡೆದುಕೊಂಡು ಬಂದಿದ್ದನ್ನು ನಾನು ಒಂದು ಕಥೆಯ ಆಸೆಗೆ ಕೆಡಿಸಿದೆ, ಅಪ್ಪ ಅಲ್ಲಿ ಹೋಗಿ ಕೂಗಾಡುತ್ತಿರುತ್ತಾನೆ ಅಂದುಕೊಂಡೆ. ಅಮ್ಮ ಬಡಿಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದೆ. ನಾಲ್ಕು ಗಂಟೆಯವರೆಗೆ ಬಾಗಿಲಿಗೂ ಅಡುಗೆಮನೆಗೂ ತಿರುಗುತ್ತಿದ್ದೆ.

ಅಪ್ಪ ಬಂದ. ಕಾಲು ತೊಳೆದುಕೊಂಡ. ಒಂದು ಚೊಂಬು ನೀರು ಪೂರ್ತಿ ಕುಡಿದ. ಆಮೇಲೆ ಚೀಲದಿಂದ ಕಟ್ಟನ್ನು ತೆಗೆದು ಡೆಸ್ಕಿನ ಮೇಲಿಟ್ಟು ಕೂತ.

"ಓದಿ ಹೇಳ್ದೆ" ಅಂದ.

ಯಾರಿಗೆ ಅಂತ ಗೊತ್ತಿದ್ದರೂ ಕೇಳಿದೆ. "ಯಾರಿಗೆ?"

"ಇನ್ಯಾರಿಗೆ? ನಿಮ್ಮತ್ತೆಗೆ."

"ಎಲ್ಲಾನೂನಾ?"

"ಒಂದಕ್ಷರ ಬಿಡ್ದಂಗೆ. ನನ್ನ ಬಗ್ಗೆ ಬರ್ದಿರೋದೂ ಸೇರಿ."

ಅಪ್ಪ ನಿಧಾನಕ್ಕೆ ಹೇಳಿದ. "ಕಂಬಕ್ಕೆ ಒರಗಿ ನಿಂತ್ಕೊಂಡೇ ಕೇಳಿದ್ಲು. ಆ ಸೈನ್ ಹಾಕೋ ಜಾಗ ಬಂದಾಗ, ತಡಿ ಅಣ್ಣಯ್ಯ ಅಂತ ಹೋಗಿ ಹಸುಗೆ ನೀರಿಟ್ಟು ಬಂದ್ಲು. ಬಂದು, ಹೂಂ, ಓದು ಅಂದ್ಲು. ನಂಗೆ ಕಣ್ಣು ಮಂಜಾಗಿ ಒಂದೆರಡು ಕಡೆ ತಡವರಿಸ್ದೆ. ಮುಗಿದ ಮೇಲೆ ನಾನೇ ಹೇಳ್ದೆ, ತಪ್ಪಾಯ್ತು ಕಣಮ್ಮ, ಆವತ್ತೇ ಓದಿ ಹೇಳ್ಬೇಕಿತ್ತು ಅಂತ."

ಅಪ್ಪ ಯಾರಿಗಾದರೂ ತಪ್ಪಾಯ್ತು ಅಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಅತ್ತೆ ಏನಂದ್ಲು?" ಅಂದೆ.

"ಈಗ ಓದಿದ್ಯಲ್ಲ, ಸಾಕು ಬುಡು ಅಂದ್ಲು."

ನನಗೆ ಅಳು ಬಂತು. ಅಳುವಿನ ಹಿಂದೆಯೇ ಹೆಮ್ಮೆಯೂ ಬಂತು, ಮುಚ್ಚಿಡುವುದೇಕೆ. ನನ್ನ ಕಥೆ ಇಷ್ಟು ವರ್ಷದ ಗಂಟನ್ನು ಬಿಡಿಸಿತು ಅಂದುಕೊಂಡೆ. ಆ ಸುಖದಲ್ಲೇ ಕೇಳಿದೆ. "ಕಥೆ ಹೆಂಗಿದೆ ಅಂದ್ಲು?"

ಅಪ್ಪ ನನ್ನ ಮುಖ ನೋಡಿದ. ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದ ಅಂತ ಕಾಣುತ್ತದೆ.

"ಚೆನ್ನಾಗಿ ಬರ್ದವ್ಳೆ ಅಂದ್ಲು. ಆಮೇಲೆ, ಅವರೆಕಾಯಿ ಬಿಡಿಸ್ತಾ ಸುಮ್ನೆ ಆಡಿದ್ ಮಾತು ಕಣಣ್ಣಯ್ಯ, ಬರ್ಕೊಂಡು ಹೋಯ್ತವ್ಳೆ ಅಂತ ಗೊತ್ತಿರ್ಲಿಲ್ಲ ಅಂದ್ಲು. ಅವ್ಳೂ ನಂಗೆ ಓದಿ ಹೇಳ್ಲಿಲ್ವಲ್ಲ ಅಂದ್ಲು."

ಅಪ್ಪನ ತಪ್ಪನ್ನು ಹನ್ನೆರಡು ಹಾಳೆ ಬರೆದವಳಿಗೆ ಅದೇ ತಪ್ಪನ್ನು ತಾನು ಮಾಡುತ್ತಿದ್ದೇನೆ ಅಂತ ಒಂದು ಸಲವೂ ಹೊಳೆದಿರಲಿಲ್ಲ. ಅತ್ತೆಯನ್ನು ಕೇಳಬೇಕು ಅಂತಲೇ ಅನ್ನಿಸಿರಲಿಲ್ಲ. ಅವಳು ನನ್ನ ಅತ್ತೆ ಅಲ್ಲವೇ, ಬೇಡ ಅಂತಾಳೆಯೇ ಅನ್ನುವ ಧೈರ್ಯ ನನಗೂ ಇತ್ತು.

"ಅಚ್ಚು ಹಾಕಿಸೋದು ಬೇಡ ಅಂದ್ಲಾ?" ಅಂತ ಕೇಳಿದೆ.

"ಬೇಡ ಅನ್ಲಿಲ್ಲ. ಹಾಕಿಸ್ಲಿ ಬುಡು ಅಂದ್ಲು. ಅವ್ಳು ಯಾವತ್ತು ಯಾರಿಗೆ ಬೇಡ ಅಂದವ್ಳೆ?" ಅಪ್ಪ ಪೆನ್ನಿನ ಮುಚ್ಚಳ ತೆಗೆದ. ಹೊಸ ಹಾಳೆ ಎಳೆದುಕೊಂಡ. "ನೀನು ಹೇಳು. ಬರೀಲಾ, ಬೇಡ್ವಾ? ಬರಿ ಅಂದ್ರೆ ಇವತ್ತೇ ಕೂತು ಮುಗಿಸ್ತೀನಿ. ನನ್ನ ಸಲುವಾಗಿ ಬೇಡ ಅನ್ನಬೇಡ."

ಬರಿ ಅನ್ನಬೇಕು ಅಂತ ನನಗೆ ಬಹಳ ಆಸೆಯಿತ್ತು. ಎಷ್ಟೋ ವರ್ಷದಲ್ಲಿ ಬರೆದ ಒಂದೇ ಜೀವ ಇರುವ ಕಥೆ. ಅತ್ತೆಯೂ ಒಪ್ಪಿದ್ದಾಳೆ, ಅಪ್ಪನೂ ಒಪ್ಪಿದ್ದಾನೆ. ಆದರೆ ಅತ್ತೆಯ ಒಪ್ಪಿಗೆ ಎಂಥದ್ದು ಅಂತ ನಾನೇ ಹನ್ನೆರಡು ಹಾಳೆಯಲ್ಲಿ ಬರೆದಿದ್ದೆನಲ್ಲ.

"ಬೇಡ ಅಪ್ಪ" ಅಂದೆ.

ಅಪ್ಪ ಪೆನ್ನಿನ ಮುಚ್ಚಳ ಹಾಕಿದ. "ಆವತ್ತು ಆ ಪತ್ರ ಬರೆಯೋವಾಗ ನಂಗೂ ಯಾರಾದ್ರೂ ಹಿಂಗೆ ಕೇಳಿದ್ರೆ ಆಗಿತ್ತು" ಅಂದ. ಆ ವಿಷಯದಲ್ಲಿ ಅವನು ಆಡಿದ ಕೊನೆಯ ಮಾತು ಅದು. ಕಟ್ಟನ್ನು ನನಗೆ ವಾಪಸು ಕೊಟ್ಟ. ಆಮೇಲೂ ಎರಡು ವರ್ಷ, ಕೈ ನಡುಗಲು ಶುರುವಾಗುವ ತನಕ, ನನ್ನ ಒಳ್ಳೇ ಕಥೆ ಕೆಟ್ಟ ಕಥೆ ಎಲ್ಲವನ್ನೂ ಬರೆದುಕೊಟ್ಟ. ಈಗ ನಾನೂ ಡಿಟಿಪಿ ಅಂಗಡಿಗೇ ಹೋಗುತ್ತೇನೆ.

ಅಪ್ಪನಿಗೆ ಬೇಡ ಅಂದ ಮಾರನೇ ದಿನ, ಭಾನುವಾರ, ಸಿ.ಎಸ್. ಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಕಥೆಯ ವಾಕ್ಯಗಳ ಹಾಗೆ ಕಟ್ಟಿ ಕಟ್ಟಿ ಅಳಿಸಿದೆ. ಅತ್ತೆ ನನ್ನನ್ನು ನೋಡಿ, "ಬಾರವ್ವ, ಏನು ಇದ್ದಕ್ಕಿದ್ದಂಗೆ?" ಅಂತ ಕೈ ಒರೆಸಿಕೊಂಡು ಬಂದಳು. ಮುದ್ದೆ ತಿರುವಿ, ಹುರುಳಿ ಸಾರು ಬಿಟ್ಟಳು.

"ಅತ್ತೆ, ನಿನ್ನ ಕೇಳ್ದೆ ಬರ್ದೆ. ತಪ್ಪಾಯ್ತು. ಅದನ್ನ ಎಲ್ಲೂ ಕಳಿಸಲ್ಲ" ಅಂದೆ.

"ಅಯ್ಯೋ ಬುಡವ್ವ, ಅದಕ್ಕೇನಂತೆ" ಅಂದು ಇನ್ನೊಂದು ಸೌಟು ಸಾರು ಬಿಟ್ಟಳು. ಆಮೇಲೆ ಡೈರಿಗೆ ಹಾಲು ಹಾಕಲು ಹೋದಾಗ ನಡೆದ ಜಗಳ, ಪಕ್ಕದ ಮನೆಯವರು ತಂದ ಹೊಸ ಹಸು, ಮಗಳಿಗೆ ಬಂದ ಮಂಡಿನೋವು ಎಲ್ಲ ಹೇಳಿದಳು. ನಕ್ಕಳು ಕೂಡ. ನನಗೆ ಎಷ್ಟೋ ನಿರಾಳವಾಯಿತು. ಊಟ ಮುಗಿಯುವ ಹೊತ್ತಿಗೆ, ಹಿಂದೆಲ್ಲ ಅವಳೇ ಬಾಯಿ ತುಂಬಾ ಹೇಳುತ್ತಿದ್ದ ವಿಷಯ ಎತ್ತಿದೆ. ಅವಳು ಮದುವೆಗೆ ಮೊದಲು ಗುಬ್ಬಿಯ ಮನೆಯಲ್ಲಿ ಹೇಗಿದ್ದಳು, ಅಜ್ಜ ಅವಳನ್ನು ಸ್ಕೂಲು ಬಿಡಿಸಿದ್ದು ಯಾಕೆ ಅಂತ ಕೇಳಿದೆ. ಕಥೆಗಾಗಿ ಅಲ್ಲ, ಸುಮ್ಮನೆ ಮಾತಿಗೆ.

ಅತ್ತೆ ನನ್ನ ಮುಖ ನೋಡಿದಳು. ಆಮೇಲೆ ಗೋಡೆಗೆ ಒರಗಿಸಿಟ್ಟಿದ್ದ ನನ್ನ ಬ್ಯಾಗಿನ ಕಡೆ ನೋಡಿದಳು.

"ಅದೆಲ್ಲ ಯಾತಕ್ಕವ್ವ ಈಗ? ಊಟ ಮಾಡು" ಅಂದಳು.

ಸಿಟ್ಟಿನಿಂದ ಹೇಳಲಿಲ್ಲ. ಆಮೇಲೂ ಎಷ್ಟೋ ವರ್ಷ ಇದ್ದಳು. ಅಪ್ಪ ಹೋದ ಮೇಲೂ ನಾನು ಹೋ‌ಗಿ ಬರುತ್ತಿದ್ದೆ, ಪ್ರತಿ ಸಲವೂ ಮುದ್ದೆ ತಿರುವಿ ಹಾಕಿದಳು, ಬರುವಾಗ ಬ್ಯಾಗಿಗೆ ಏನಾದರೂ ಕಟ್ಟಿಕೊಟ್ಟಳು. ಈ ಬರಹವನ್ನು ಅವಳ ಮಗಳಿಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆ ಕಳಿಸುತ್ತಿದ್ದೇನೆ. ಓದಿ ಹೇಳಬೇಕಾಗಿದ್ದದ್ದು ಅತ್ತೆಗೆ. ಆ ಭಾನುವಾರದಿಂದ ಸಾಯುವ ತನಕ ಅವಳು ತನ್ನ ಬದುಕಿನ ಬಗ್ಗೆ ಒಂದು ಮಾತನ್ನೂ ನನ್ನ ಮುಂದೆ ಆಡಲಿಲ್ಲ.